ಚಿಪ್ಪಿನ ಬಿಳಿ ಅಂಚು

ರಾತ್ರಿ ಹನ್ನೊಂದರ ಮೇಲೆ ನನ್ನ ಫೋನಿಗೆ ಫೋಟೋ ಬಂತು ಅಂದರೆ ಅದು ದೋಹಾದಿಂದ, ತಂಗಿಯ ಮಗನದ್ದೇ. ಅಲ್ಲಿ ಆಗಿನ್ನೂ ಎಂಟೂವರೆ. ಡ್ಯೂಟಿ ಮುಗಿಸಿ, ಊಟ ಮಾಡಿ, ತನ್ನ ನಾಲ್ಕಡಿಯ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕ್ ಮುಂದೆ ಕೂತಿರುತ್ತಾನೆ. ಹೋದ ತಿಂಗಳು ಬಂದ ಫೋಟೋ ಮಾತ್ರ ಅವನ ಟ್ಯಾಂಕಿನದ್ದಲ್ಲ, ಯಾವುದೋ ಅಂಗಡಿಯದ್ದು. ಅಗಲವಾದ ತೊಟ್ಟಿ, ನೀಲಿ ಬೆಳಕು, ತಳದಲ್ಲಿ ಸಾಲಾಗಿ ಏಳು ಕ್ಲ್ಯಾಮ್. ಅದೇ, ದೈತ್ಯ ಕಪ್ಪೆಚಿಪ್ಪು ಅಂತೀವಲ್ಲ, ಆ ಜಾತಿಯ ಮರಿಗಳು. ಬಾಯಿ ತೆರೆದುಕೊಂಡು, ಬಣ್ಣದ ಮೆತ್ತನೆಯ ಅಂಚು ಹೊರಗೆ ಚಾಚಿಕೊಂಡು, ಮದುವೆ ಮನೆಯಲ್ಲಿ ರೇಷ್ಮೆ ಸೀರೆ ಹರವಿಟ್ಟ ಹಾಗೆ. ಕೆಳಗೆ ಒಂದೇ ಸಾಲು: "ಮಾಮಾ, ಇದ್ರಾಗ ಯಾವ್ದು ಗಟ್ಟಿ ಅದ ಹೇಳ್ರಿ, ಅದೇ ತಗೋತೀನಿ."

ಈ ಕ್ಲ್ಯಾಮಿನಲ್ಲೇ ಹಲವು ಬಗೆ, ಉತ್ತರ ನನಗೆ ಬಾಯಿಪಾಠ. ಡೆರಾಸಾ ಎಲ್ಲಕ್ಕಿಂತ ಗಟ್ಟಿ, ಆಮೇಲೆ ಸ್ಕ್ವಾಮೋಸಾ, ಮ್ಯಾಕ್ಸಿಮಾ ಕಷ್ಟ, ಕ್ರೋಸಿಯಾ ಇನ್ನೂ ಕಷ್ಟ. ಗಿಗಾಸ್ ಅಂತೂ ಕೇಳಲೇಬೇಡ, ಅದು ಒಂದು ಮೀಟರಿಗೂ ಜಾಸ್ತಿ ಬೆಳೆದು ಇನ್ನೂರು ಕಿಲೋ ದಾಟುವ ಪ್ರಾಣಿ, ನಿನ್ನ ಬಾಡಿಗೆ ಫ್ಲ್ಯಾಟಿಗಲ್ಲ. ದುಬೈನಲ್ಲಿ ಆರು ವರ್ಷ ಇದೇ ಕೆಲಸ ಮಾಡಿದ್ದೇನೆ, ವಿಲ್ಲಾಗಳ ಟ್ಯಾಂಕ್ ತೊಳೆಯುವುದು, ನೀರು ಬದಲಿಸುವುದು, ಲೈಟ್ ಕಟ್ಟುವುದು. ಮಾಲೀಕರೆಲ್ಲ ಕೇಳುತ್ತಿದ್ದದ್ದು ಇದನ್ನೇ, ನಾವು ಹೇಳುತ್ತಿದ್ದದ್ದೂ ಇದನ್ನೇ. ಆದರೂ ಅವತ್ತು ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಟೈಪ್ ಮಾಡಿದೆ, ಮತ್ತೆ ಅಳಿಸಿದೆ. ಕೊನೆಗೆ "ನಾಳೆ ಹೇಳ್ತೀನಿ, ಮಲ್ಕೋ" ಅಂತ ಕಳಿಸಿದೆ. ಆ "ಗಟ್ಟಿ" ಅನ್ನುವ ಪದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಯಾಕೆ ಅಂತ ಇಷ್ಟು ದಿನ ಯೋಚನೆ ಮಾಡಿ ಈಗ ಬರೆಯುತ್ತಿದ್ದೇನೆ.

ಹೊಸ ಬಲ್ಬ್ ಹಾಕಿದ ದಿನ

ಜುಮೇರಾ ಕಡೆ ಒಂದು ವಿಲ್ಲಾ. ಆರಡಿ ಉದ್ದದ ಟ್ಯಾಂಕ್, ಮೇಲೆ 250 ವ್ಯಾಟಿನ ಎರಡು ಮೆಟಲ್ ಹ್ಯಾಲೈಡ್ ಬಲ್ಬು. ಆಗ ಎಲ್‌ಇಡಿ ಬಂದಿತ್ತು, ಆದರೆ ಆ ಮನೆಯ ಯಜಮಾನರಿಗೆ ಹ್ಯಾಲೈಡಿನ ಬೆಳಕೇ ಇಷ್ಟ. ಅದು ನೀರಿನಲ್ಲಿ ಅಲೆಯಲೆಯಾಗಿ ಆಡುತ್ತದೆ, ಬಾವಿಯ ಗೋಡೆಯ ಮೇಲೆ ಬಿಸಿಲು ಆಡಿದ ಹಾಗೆ. ಟ್ಯಾಂಕಿನ ಮಧ್ಯದ ಕಲ್ಲಿನ ಮೇಲೆ ಒಂದು ನೀಲಿ ಮ್ಯಾಕ್ಸಿಮಾ, ಅಂಗೈಯಷ್ಟು. ಅದನ್ನು ತಂದಾಗ ನಾನಿರಲಿಲ್ಲ, ನನಗಿಂತ ಮೊದಲಿದ್ದವರು ಕೂರಿಸಿದ್ದು. ನಾನು ಹೋಗಲು ಶುರು ಮಾಡಿದಾಗಲೇ ಅದಕ್ಕೆ ಆ ಮನೆಯಲ್ಲಿ ಎರಡು ವರ್ಷ.

ಹ್ಯಾಲೈಡ್ ಬಲ್ಬನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ಉರಿಯುತ್ತಲೇ ಇರುತ್ತದೆ, ಕೆಟ್ಟ ಹಾಗೆ ಕಾಣುವುದೇ ಇಲ್ಲ, ಆದರೆ ಒಳಗೊಳಗೇ ಬೆಳಕು ಇಳಿಯುತ್ತದೆ, ಬಣ್ಣವೂ ಜರುಗುತ್ತದೆ. ಅಲ್ಲಿ ಬಲ್ಬಿಗೆ ಒಂದೂವರೆ ವರ್ಷ ಆಗಿತ್ತು. ಬಿಲ್ಲಿನ ಮಾತು ಅಲ್ಲಿಂದಿಲ್ಲಿಗೆ ಓಡಾಡುತ್ತಿತ್ತು, ನಾವು ವಾರಕ್ಕೊಮ್ಮೆ ಹೋಗಿ ಗಾಜು ಒರೆಸಿ ಬರುತ್ತಿದ್ದೆವು. ಯಾರಿಗೂ ಏನೂ ಕತ್ತಲಾಗಿದೆ ಅನ್ನಿಸಲಿಲ್ಲ. ಮನುಷ್ಯರ ಕಣ್ಣು ಹಾಗೇ, ದಿನಾ ಒಂದು ಚೂರು ಕಮ್ಮಿ ಮಾಡಿಕೊಂಡು ಹೋದರೆ ಅರ್ಧಕ್ಕೆ ಇಳಿದರೂ ಅದಕ್ಕೆ ತಿಳಿಯಲ್ಲ.

ಕ್ಲ್ಯಾಮಿಗೆ ತಿಳಿದಿತ್ತು. ಅದು ತನ್ನ ಮ್ಯಾಂಟಲ್ ಅನ್ನು, ಅಂದರೆ ಆ ಬಣ್ಣದ ಅಂಚನ್ನು, ದಿನೇ ದಿನೇ ಜಾಸ್ತಿ ಚಾಚುತ್ತಾ ಹೋಯಿತು. ಚಿಪ್ಪು ಕಾಣದ ಹಾಗೆ ಹರಡಿಕೊಂಡಿತು. ಯಜಮಾನರಿಗೆ ಖುಷಿಯೋ ಖುಷಿ. ಬಂದ ಅತಿಥಿಗಳಿಗೆಲ್ಲ ತೋರಿಸುವುದು, ನೋಡಿ ಎಷ್ಟು ದೊಡ್ಡದಾಗಿದೆ ಅಂತ. ನಾನೂ ತಲೆ ಆಡಿಸಿದ್ದೇನೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಹಾಗೆ ವಿಪರೀತ ಚಾಚುವುದು ಬೆಳವಣಿಗೆಯ ಗುರುತಲ್ಲ, ಬೆಳಕಿಗಾಗಿ ಕೈಚಾಚುವುದು. ಒಳಮನೆಯಲ್ಲಿಟ್ಟ ಮೆಣಸಿನ ಸಸಿ ಕಿಟಕಿಯ ಕಡೆಗೆ ಉದ್ದುದ್ದ ವಾಲುತ್ತದಲ್ಲ, ಹಾಗೆ.

ಕೊನೆಗೆ ಬಲ್ಬು ಬಂದವು. ಏಪ್ರಿಲ್ಲಿನ ಒಂದು ಮಧ್ಯಾಹ್ನ ಹೋಗಿ ಎರಡನ್ನೂ ಒಟ್ಟಿಗೇ ಬದಲಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತೇನೋ. ಮೈಯಲ್ಲಿ ಉಮೇದು ಜಾಸ್ತಿ ಇತ್ತು, ಬಲ್ಬಿನ ಕೆಳಗಿನ ಗಾಜಿನ ಮೇಲೆ ಕಟ್ಟಿದ್ದ ಉಪ್ಪಿನ ಪದರವನ್ನೂ ವಿನೆಗರ್ ಹಾಕಿ ಫಳಫಳ ಉಜ್ಜಿದೆ. ಸ್ವಿಚ್ ಹಾಕಿದಾಗ ಇಡೀ ಹಾಲ್ ಬೆಳಗಿತು. ಯಜಮಾನರು ನನ್ನ ಬೆನ್ನು ತಟ್ಟಿ ಐವತ್ತು ದಿರ್ಹಮ್ ಕೊಟ್ಟರು. ಟೈಮರ್ ಹಳೆಯದೇ, ದಿನಕ್ಕೆ ಹತ್ತು ಗಂಟೆ.

ಮುಂದಿನ ವಾರ ಹೋದಾಗ ಕ್ಲ್ಯಾಮ್ ಅರ್ಧ ಮುಚ್ಚಿಕೊಂಡಿತ್ತು. ಅದರ ಮುಂದಿನ ವಾರ ಮ್ಯಾಂಟಲಿನ ನಡುವೆ ಒಂದು ಬಿಳಿ ಮಚ್ಚೆ. ಬಟ್ಟೆಯ ಮೇಲೆ ಬ್ಲೀಚಿಂಗ್ ಪುಡಿ ಬಿದ್ದರೆ ಆಗುತ್ತದಲ್ಲ, ಹಾಗೇ. ನೀರು ಪರೀಕ್ಷೆ ಮಾಡಿದೆವು, ಉಪ್ಪು ಸರಿ, ಕ್ಯಾಲ್ಸಿಯಂ ಸರಿ, ಉಷ್ಣತೆ 26 ಡಿಗ್ರಿ. ನಮ್ಮ ಸೂಪರ್‌ವೈಸರ್ ಇದ್ದರಲ್ಲ, ತ್ರಿಶೂರಿನವರು, ಅವರು ಒಂದು ಸಲ ನೋಡಿ ಬಲ್ಬು ಯಾವಾಗ ಹಾಕಿದೆ ಅಂತ ಮಾತ್ರ ಕೇಳಿದರು. ಹೇಳಿದೆ. ಸುಮ್ಮನಾದರು. ಆಮೇಲೆ ಮೇಲೆ ಸೊಳ್ಳೆಪರದೆಯ ಬಟ್ಟೆ ಎರಡು ಮಡಿಕೆ ಕಟ್ಟಿದೆವು, ಬೆಳಕಿನ ಅವಧಿಯನ್ನು ಆರು ಗಂಟೆಗೆ ಇಳಿಸಿದೆವು. ತಡವಾಗಿತ್ತು.

ಆದರೆ ಅದು ಸಾಯಲಿಲ್ಲ. ಅದನ್ನೇ ಹೇಳಬೇಕಾಗಿರುವುದು. ಮೇ ತಿಂಗಳು ಇತ್ತು. ಜೂನ್ ತಿಂಗಳೂ ಇತ್ತು. ಕೈ ಅಡ್ಡ ಹಿಡಿದರೆ ಮುಚ್ಚಿಕೊಳ್ಳುತ್ತಿತ್ತು. ಮ್ಯಾಂಟಲಿನ ಅಂಚಿನುದ್ದಕ್ಕೂ ಅದಕ್ಕೆ ಸೂಜಿಮೊನೆಯಂಥ ಕಣ್ಣುಗಳಿರುತ್ತವೆ, ನೂರಾರು, ನೆರಳು ಬಿದ್ದರೆ ಸಾಕು ತಿಳಿಯುತ್ತದೆ. ಮೊದಲು ಪಟ್ ಅಂತ ಮುಚ್ಚುತ್ತಿದ್ದದ್ದು ಆಮೇಲೆ ಸಾವಕಾಶ ಮುಚ್ಚತೊಡಗಿತು, ಆಮೇಲೆ ಅರ್ಧ ಮಾತ್ರ. ಯಜಮಾನರು ಮಾತ್ರ ಹೇಳುತ್ತಲೇ ಇದ್ದರು, ಇದು ಗಟ್ಟಿ ಪ್ರಾಣಿ, ಎದ್ದು ನಿಲ್ಲುತ್ತದೆ. ಜುಲೈ ಎರಡನೇ ವಾರ ನಾನು ಹೋದಾಗ ನೀರು ಎಳೆದುಕೊಳ್ಳುವ ಆ ಬಾಯಿ ಅಗಲವಾಗಿ ತೆರೆದುಕೊಂಡೇ ಇತ್ತು, ಮುಚ್ಚುವ ಶಕ್ತಿ ಇಲ್ಲ. ಎರಡು ದಿನ ಬಿಟ್ಟು ಫೋನ್ ಬಂತು, ಮನೆಯೆಲ್ಲಾ ವಾಸನೆ ಅಂತ. ಮ್ಯಾಂಟಲ್ ಕರಗಿಹೋಗಿತ್ತು. ಚಿಪ್ಪು ತೆಗೆದು ಬಕೆಟ್ಟಿಗೆ ಹಾಕಿದವನು ನಾನೇ.

ಆ ಚಿಪ್ಪನ್ನು ತೊಳೆದು ನೋಡಿದಾಗ ಒಂದು ವಿಷಯ ಗೊತ್ತಾಯಿತು. ಚೆನ್ನಾಗಿರುವ ಕ್ಲ್ಯಾಮಿನ ಚಿಪ್ಪಿನ ತುದಿಯಲ್ಲಿ ಹೊಸದಾಗಿ ಕಟ್ಟಿದ ಬಿಳಿ ಅಂಚು ಇರುತ್ತದೆ, ಉಗುರಿನ ತುದಿ ಇದ್ದ ಹಾಗೆ, ಸ್ವಚ್ಛವಾಗಿ. ಇದರಲ್ಲಿ ತುದಿಯವರೆಗೂ ನೇರಳೆ ಪಾಚಿ ಹತ್ತಿತ್ತು. ಅಂದರೆ ಬಹಳ ದಿನಗಳಿಂದ ಅದು ಬೆಳೆದೇ ಇರಲಿಲ್ಲ. ನಾವು ಬಣ್ಣದ ಮ್ಯಾಂಟಲ್ ನೋಡಿ ಹಿಗ್ಗುತ್ತಿದ್ದೆವು, ಚಿಪ್ಪಿನ ಅಂಚು ನೋಡಿದವರು ಯಾರೂ ಇರಲಿಲ್ಲ. ಅದು ಸಾಯಲು ಶುರು ಮಾಡಿದ್ದು ನಾನು ಹೊಸ ಬಲ್ಬು ಹಾಕಿದ ದಿನ ಅಲ್ಲವೇ ಅಲ್ಲ, ಹಳೆಯ ಬಲ್ಬು ಮಸುಕಾದಾಗಲೇ. ಹೊಸ ಬಲ್ಬು ಕೊನೆಯ ಏಟು. ಹೀಗೆ ಹೇಳಿ ನಾನು ತಪ್ಪಿಸಿಕೊಳ್ಳುತ್ತಿದ್ದೇನೆ ಅಂತ ನಿಮಗೆ ಅನ್ನಿಸಿದರೆ, ಅದೂ ಸ್ವಲ್ಪ ನಿಜ.

ಬೆಳಕಿನ ಲೆಕ್ಕ

ಕ್ಲ್ಯಾಮ್ ಸಾಕುವುದು ಅಂದರೆ ಅರ್ಧ ಪ್ರಾಣಿ, ಅರ್ಧ ಬೆಳೆ ಸಾಕುವುದು. ಅದರ ಮ್ಯಾಂಟಲಿನ ಒಳಗೆ, ಹೊಟ್ಟೆಯಿಂದ ಕವಲೊಡೆದು ಬಂದ ಸಣ್ಣ ಸಣ್ಣ ನಾಳಗಳಲ್ಲಿ, ಕಣ್ಣಿಗೆ ಕಾಣದ ಪಾಚಿ ತುಂಬಿಕೊಂಡಿರುತ್ತದೆ. ಪಾಚಿ ಬೆಳಕಿನಲ್ಲಿ ಸಕ್ಕರೆ ಮಾಡುತ್ತದೆ, ಕ್ಲ್ಯಾಮ್ ಅದನ್ನು ತಿನ್ನುತ್ತದೆ, ಕ್ಲ್ಯಾಮಿನ ಹೊಲಸು ಪಾಚಿಗೆ ಗೊಬ್ಬರ. ಆ ಮಿನುಗುವ ನೀಲಿ ಹಸಿರು ಬಣ್ಣವೂ ಸುಮ್ಮನೆ ಸಿಂಗಾರಕ್ಕಲ್ಲ. ಪಾಚಿಗೆ ಬೇಕಾದ ಕೆಂಪು, ನೀಲಿ ಬೆಳಕನ್ನು ಒಳಗಿನವರೆಗೂ ಚದುರಿಸಿ, ಅಷ್ಟಾಗಿ ಬೇಡದ ಹಸಿರು ಹಳದಿಯನ್ನು ಹೊರಗೆ ಕಳಿಸುವ ಕೋಶಗಳು ಅಲ್ಲಿವೆ ಅಂತ 2014ರಲ್ಲಿ ವಿಜ್ಞಾನಿಗಳು ತೋರಿಸಿದರು. ಮೇಲಿನ ಪಾಚಿ ಸುಡಬಾರದು, ಕೆಳಗಿನದು ಉಪವಾಸ ಬೀಳಬಾರದು, ಅಂಥ ಏರ್ಪಾಡು. ನಮ್ಮಲ್ಲಿ ಕಾಲುವೆಯ ನೀರು ಮೇಲಿನ ಹೊಲದವರೇ ಕುಡಿದು ಕೊನೆಯವರಿಗೆ ಒಣ ಮಣ್ಣು ಉಳಿಯುವುದನ್ನು ನೋಡಿದವರಿಗೆ ಇದು ಎಂಥ ಜಾಣತನ ಅಂತ ಅರ್ಥವಾಗುತ್ತದೆ.

ಅಳೆಯುವುದಕ್ಕೆ ಪಾರ್ ಮೀಟರ್ ಅಂತ ಇದೆ. ಗಿಡ, ಪಾಚಿಗಳು ಬಳಸಿಕೊಳ್ಳುವ ಬೆಳಕನ್ನಷ್ಟೇ ಅದು ಎಣಿಸುತ್ತದೆ. ಲಕ್ಸ್ ಲೆಕ್ಕ ಇಲ್ಲಿ ನಡೆಯಲ್ಲ, ಅದು ಮನುಷ್ಯರ ಕಣ್ಣಿನ ಲೆಕ್ಕ, ನಮಗೆ ಮಸುಕಾಗಿ ಕಾಣುವ ಕಡುನೀಲಿ ಪಾಚಿಗೆ ಹಬ್ಬದೂಟ. ನಮ್ಮ ಕಲಬುರಗಿಯ ಮಾಳಿಗೆಯ ಮೇಲೆ ಮಟಮಟ ಮಧ್ಯಾಹ್ನ ಆ ಮೀಟರ್ ಹಿಡಿದರೆ 2000ದ ಆಸುಪಾಸು ತೋರಿಸುತ್ತದೆ. ಟ್ಯಾಂಕಿನಲ್ಲಿ ಅಷ್ಟು ಬೇಕಾಗಿಲ್ಲ. ಡೆರಾಸಾ, ಸ್ಕ್ವಾಮೋಸಾಗಳಿಗೆ 150ರಿಂದ 250 ಇದ್ದರೆ ನಡೆಯುತ್ತದೆ. ಮ್ಯಾಕ್ಸಿಮಾ, ಕ್ರೋಸಿಯಾಗಳಿಗೆ 250ರಿಂದ 400, ಇನ್ನೂ ಸ್ವಲ್ಪ ಜಾಸ್ತಿಯಾದರೂ ಬೇಡ ಅನ್ನಲ್ಲ. ಆದರೆ ಈ ಅಂಕಿ ಅಳೆಯಬೇಕಾದದ್ದು ಕ್ಲ್ಯಾಮ್ ಕೂತ ಜಾಗದಲ್ಲಿ, ಅದರ ಮ್ಯಾಂಟಲಿನ ಮಟ್ಟದಲ್ಲಿ. ಲೈಟಿನ ಡಬ್ಬದ ಮೇಲೆ ಬರೆದದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಎಲ್‌ಇಡಿಯಲ್ಲಂತೂ ದೀಪದ ಸರಿ ಕೆಳಗೆ 400 ಇದ್ದರೆ ಒಂದಡಿ ಪಕ್ಕಕ್ಕೆ ಹೋದರೆ 100 ಇರಬಹುದು, ಮೇಲಿನ ಕಲ್ಲಿನ ನೆರಳು ಬಿದ್ದರೆ ಅದೂ ಇಲ್ಲ. ಎಲ್ಲ ಕಡೆ ಒಂದೇ ನೀಲಿ ಅಂತ ನಮಗೆ ಕಾಣುತ್ತದೆ.

ಇಲ್ಲಿ ಜನ ತಪ್ಪುವುದು ಎಲ್ಲಿ ಅಂದರೆ, ಕ್ಲ್ಯಾಮಿಗೆ ಜಾಸ್ತಿ ಬೆಳಕು ಬೇಕು ಅಂತ ಓದಿಕೊಂಡು ಬಂದವರು ತಂದ ದಿನವೇ ಮೇಲಿನ ಕಲ್ಲಿನ ಮೇಲೆ ಕೂರಿಸುತ್ತಾರೆ. ಅದು ಅಂಗಡಿಯ ಮಸುಕು ಬೆಳಕಿನಲ್ಲಿ ತಿಂಗಳುಗಟ್ಟಲೆ ಇದ್ದದ್ದು, ಅದಕ್ಕಿಂತ ಮುಂಚೆ ಪ್ಲಾಸ್ಟಿಕ್ ಚೀಲದ ಕತ್ತಲಲ್ಲಿ. ಪಾಚಿ ಆ ಮಸುಕಿಗೆ ಹೊಂದಿಕೊಂಡಿರುತ್ತದೆ. ಒಮ್ಮೆಲೇ ಬೆಳಕು ಸುರಿದರೆ ಅದಕ್ಕೆ ಅಷ್ಟನ್ನೂ ಸಕ್ಕರೆ ಮಾಡಲು ಆಗಲ್ಲ, ಮಿಕ್ಕ ಬೆಳಕು ಒಳಗೇ ವಿಷದಂಥ ಆಮ್ಲಜನಕ ಹುಟ್ಟಿಸುತ್ತದೆ, ಆಗ ಕ್ಲ್ಯಾಮ್ ತನ್ನ ಅನ್ನದಾತನನ್ನೇ ಹೊರಗೆ ಹಾಕುತ್ತದೆ. ಬಿಳುಚಿಕೊಳ್ಳುವುದು ಅಂದರೆ ಅದೇ. ಅವ್ವ ಪ್ರತಿ ವರ್ಷ ನರ್ಸರಿಯಿಂದ ಹಸಿರು ಪರದೆ ಕೆಳಗೆ ಬೆಳೆದ ಸಸಿ ತರುತ್ತಾಳೆ, ಏಪ್ರಿಲ್ಲಿನ ಮಾಳಿಗೆಗೆ ಅದನ್ನು ಹತ್ತಿಸುವ ಮುಂಚೆ ಎಂಟು ದಿನ ಮೆಟ್ಟಿಲ ಕೆಳಗೆ, ಆಮೇಲೆ ಎಂಟು ದಿನ ಬೇವಿನ ನೆರಳಲ್ಲಿ. ಯಾರೂ ಅವಳಿಗೆ ಪಾರ್ ಮೀಟರ್ ಕೊಟ್ಟಿಲ್ಲ. ನಾನು ಆರು ವರ್ಷ ಮೀಟರ್ ಹಿಡಿದು ಓಡಾಡಿದವನು, ಅವತ್ತು ಬಲ್ಬು ಹಾಕುವಾಗ ನನಗೆ ಅವ್ವನ ಮೆಟ್ಟಿಲು ನೆನಪಾಗಲಿಲ್ಲ.

ಕಿತ್ತರೆ ಬರುತ್ತದೆ, ಆದರೆ

ಇನ್ನೊಂದು ಮನೆ. ಇಲ್ಲಿ ಬೆಳಕಿನ ತಪ್ಪಲ್ಲ, ಕೈಯ ತಪ್ಪು. ಮ್ಯಾಕ್ಸಿಮಾ, ಕ್ರೋಸಿಯಾಗಳು ತಳದಲ್ಲಿರುವ ಒಂದು ಕಿಂಡಿಯಿಂದ ನಾರು ಬಿಟ್ಟು ಕಲ್ಲಿಗೆ ಅಂಟಿಕೊಳ್ಳುತ್ತವೆ, ಬಿಸಸ್ ಅಂತಾರೆ. ಆ ಮನೆಯವರ ಮೈದುನ ಒಬ್ಬ ರಜೆಗೆ ಬಂದವನು, ಕ್ಲ್ಯಾಮ್ ಇನ್ನೂ ಚೆನ್ನಾಗಿ ಕಾಣಲಿ ಅಂತ ಕಲ್ಲಿನಿಂದ ಹಿಡಿದು ಎಳೆದು ಮುಂದೆ ಇಟ್ಟಿದ್ದ. ಎಳೆದರೆ ಬರುತ್ತದೆ, ಬರಲ್ಲ ಅಂತಲ್ಲ. ನಾರಿನ ಜೊತೆ ಅದರ ಬುಡದ ಮಾಂಸವೂ ಹರಿದು ಬರುತ್ತದೆ. ನೋಡುವವರಿಗೆ ಒಂದು ಹನಿ ರಕ್ತ ಇಲ್ಲ, ಚೀರಾಟ ಇಲ್ಲ, ಎರಡು ದಿನ ಬಾಯಿ ತೆರೆದು ಚೆನ್ನಾಗಿಯೇ ಇತ್ತು. ಹತ್ತನೇ ದಿನ ಹೋಯಿತು.

ನನ್ನ ಜೊತೆ ಕೆಲಸಕ್ಕೆ ಬರುತ್ತಿದ್ದ ಫಿಲಿಪಿನೋ ಗೆಳೆಯ ಅದನ್ನು ನೋಡಿ ತಲೆ ಚಚ್ಚಿಕೊಂಡ. ಅವರ ಭಾಷೆಯಲ್ಲಿ ಇದಕ್ಕೆ ತಕ್ಲೋಬೊ ಅಂತ ಹೆಸರು, ಅವನ ಅಜ್ಜಿಯ ಊರಲ್ಲಿ ಅದನ್ನು ವಿನೆಗರ್ ಹಾಕಿ ತಿನ್ನುತ್ತಿದ್ದರಂತೆ. ತಿನ್ನುವವರಿಗೂ ಗೊತ್ತಿತ್ತು, ಕಿತ್ತ ಮೇಲೆ ಅದು ಬದುಕಲ್ಲ ಅಂತ, ಅಂದ. ಸರಿಯಾದ ದಾರಿ ಅಂದರೆ ಕಲ್ಲಿನ ಸಮೇತ ಎತ್ತುವುದು, ಅಥವಾ ಹರಿತ ಬ್ಲೇಡಿನಿಂದ ನಾರನ್ನು ಕಲ್ಲಿನ ಹತ್ತಿರವೇ ಕತ್ತರಿಸುವುದು. ಅದಕ್ಕೇ ನಾವು ಆಮೇಲೆ ಹೊಸ ಕ್ಲ್ಯಾಮ್ ತಂದರೆ ಮೊದಲ ದಿನವೇ ಒಂದು ಚಪ್ಪಟೆ ಕಲ್ಲಿನ ತುಂಡಿನ ಮೇಲೆ ಕೂರಿಸುತ್ತಿದ್ದೆವು. ಅಂಟಿಕೊಳ್ಳುವುದಾದರೆ ಅದಕ್ಕೇ ಅಂಟಿಕೊಳ್ಳಲಿ. ಮುಂದೆ ಎಲ್ಲಿಗೆ ಬೇಕಾದರೂ ತಟ್ಟೆಯ ಹಾಗೆ ಎತ್ತಿಡಬಹುದು.

ಮಿಕ್ಕ ಕಾಟಗಳನ್ನು ಜಾಸ್ತಿ ಬರೆಯಲು ಹೋಗಲ್ಲ. ಅಕ್ಕಿಕಾಳಿನಷ್ಟು ಸಣ್ಣ ಬಸವನಹುಳು ಬರುತ್ತದೆ, ಹಗಲು ಚಿಪ್ಪಿನ ಅಡಿ ಅಡಗಿ ರಾತ್ರಿ ಅಂಚಿಗೆ ಹತ್ತಿ ರಸ ಹೀರುತ್ತದೆ, ಟಾರ್ಚ್ ಹಿಡಿದು ನೋಡಬೇಕು, ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಬೇಕು. ನೀರು ತೀರಾ ಶುದ್ಧವಾದರೂ ಕಷ್ಟ, ಪಾಚಿಗೆ ನೈಟ್ರೇಟ್ ಸ್ವಲ್ಪವಾದರೂ ಬೇಕು, ಸೊನ್ನೆ ಮಾಡಿ ಮೆರೆಯುವವರ ಟ್ಯಾಂಕಿನಲ್ಲಿ ಕ್ಲ್ಯಾಮ್ ಹಸಿದು ಸಾಯುತ್ತದೆ. ಐದು ಸೆಂಟಿಮೀಟರಿಗಿಂತ ಚಿಕ್ಕ ಮರಿ ಅಗ್ಗಕ್ಕೆ ಸಿಕ್ಕಿತು ಅಂತ ತರಬಾರದು. ಅಷ್ಟೇ.

ಅಪ್ಪನ ತೊಗರಿ

2020ರಲ್ಲಿ ಕೊರೊನಾ ಗಲಾಟೆಯಲ್ಲಿ ಕೆಲಸ ಹೋಗಿ ಊರಿಗೆ ಬಂದೆ. ಆ ವರ್ಷ ಅಕ್ಟೋಬರ್‌ನಲ್ಲಿ ಏನು ಮಳೆ ಅಂತ ಈ ಕಡೆಯವರಿಗೆ ಹೇಳುವುದೇ ಬೇಡ, ಭೀಮಾ ಉಕ್ಕಿ ಊರೂರೇ ನೀರಲ್ಲಿ ನಿಂತಿತ್ತು. ನಮ್ಮ ಹೊಲ ನದಿಯಿಂದ ದೂರ, ಆದರೆ ಎರೆ ಭೂಮಿ, ಮೇಲೆ ಬಿದ್ದ ನೀರು ಇಂಗುವುದೂ ಇಲ್ಲ, ಹರಿಯುವುದೂ ಇಲ್ಲ. ತೊಗರಿ ಎದೆಮಟ್ಟ ಬೆಳೆದು ಹೂವಿಗೆ ಬಂದಿತ್ತು. ಮಳೆ ನಿಂತ ಮೂರನೇ ದಿನ ಅಪ್ಪನ ಜೊತೆ ಹೋದೆ. ಮೊಣಕಾಲವರೆಗೂ ಕೆಸರು, ಚಪ್ಪಲಿ ಕೈಯಲ್ಲಿ. ನನ್ನ ಕಣ್ಣಿಗೆ ಬೆಳೆ ಹಚ್ಚಗೆ, ಚೆನ್ನಾಗಿಯೇ ಕಂಡಿತು. "ಏನೂ ಆಗಿಲ್ಲಲ್ಲಪ್ಪ, ತೊಗರಿ ಗಟ್ಟಿ ಬೆಳಿ" ಅಂದೆ. ಅಪ್ಪ ಬಗ್ಗಿ ಒಂದು ಗಿಡದ ಬುಡ ಹಿಡಿದು ನೋಡಿದರು, ಇನ್ನೊಂದರ ಬುಡ ನೋಡಿದರು. "ತೊಗರಿ ಬರಕ್ಕ ಹೆದರಂಗಿಲ್ಲ, ನಿಂತ ನೀರಿಗೆ ಹೆದರ್ತದ. ಇದು ಹೋಯ್ತು ಬಾ" ಅಂದರು.

ನನಗೆ ನಂಬಿಕೆ ಬರಲಿಲ್ಲ. ಹಸಿರೆಲೆ, ಹಳದಿ ಹೂವು, ಜೇನುಹುಳು ಕೂಡ ಓಡಾಡುತ್ತಿದ್ದವು. ಎರಡು ವಾರದಲ್ಲಿ ಅರ್ಧ ಹೊಲ ಹಳದಿಗೆ ತಿರುಗಿತು, ಆಮೇಲೆ ನಿಂತಲ್ಲೇ ಒಣಗಿತು. ಮೇಲೆ ಮಾರಿ ಬಿದ್ದ ಹಾಗೆ ನೆಟೆ ರೋಗವೂ ಹತ್ತಿತು. ತೊಗರಿಯ ಕಣಜ ಅಂತ ಹೆಸರಾದ ಜಿಲ್ಲೆ, ಅದರ ಹಿಂದಿನ ವರ್ಷವಷ್ಟೇ ನಮ್ಮ ತೊಗರಿಬೇಳೆಗೆ ಜಿಐ ಗುರುತು, ಅಂದರೆ ಇದು ಈ ಸೀಮೆಯದೇ ಸರಕು ಅನ್ನುವ ಮುದ್ರೆ, ಸಿಕ್ಕಿತ್ತು, ಆ ವರ್ಷ ಮನೆಗೆ ಬೇಳೆ ಅಂಗಡಿಯಿಂದ ತಂದೆವು.

ಆ ಹೊಲದಲ್ಲಿ ನಿಂತಾಗಲೇ ನನಗೆ ಜುಮೇರಾದ ಕ್ಲ್ಯಾಮ್ ನೆನಪಾದದ್ದು. ಮಳೆ ಇಲ್ಲದ ಎರಡು ತಿಂಗಳು ತಡೆಯುವ ಗಿಡ ನಾಲ್ಕು ದಿನದ ನೀರಿಗೆ ಮಲಗುತ್ತದೆ. ಹಾಗಾದರೆ ಅದು ಗಟ್ಟಿಯೋ ಮೆತ್ತಗೋ? ಡೆರಾಸಾ ಗಟ್ಟಿ ಅಂತೀವಿ. ಯಾವುದಕ್ಕೆ ಗಟ್ಟಿ? ಬೆಳಕು ಸ್ವಲ್ಪ ಕಮ್ಮಿಯಾದರೆ ತಡೆಯುತ್ತದೆ, ನಿಜ. ಆದರೆ ಅದು ಅರ್ಧ ಮೀಟರ್ ದಾಟುವ ಜಾತಿ, ಬೆಳೆಯುತ್ತಾ ನೀರಿನ ಕ್ಯಾಲ್ಸಿಯಂ ಅನ್ನು ಬಕಾಸುರನ ಹಾಗೆ ನುಂಗುತ್ತದೆ, ಚಿಕ್ಕ ಟ್ಯಾಂಕಿನಲ್ಲಿ ಅದೇ ಅದಕ್ಕೆ ಮುಳುವು. ಕ್ರೋಸಿಯಾ ನಾಜೂಕು ಅಂತೀವಿ. ಅದು ಸಮುದ್ರದಲ್ಲಿ ಆಳವಿಲ್ಲದ ದಿಬ್ಬಗಳ ಕಲ್ಲನ್ನೇ ಕೊರೆದು ಒಳಗೆ ಕೂತು ಉರಿಬಿಸಿಲು, ಅಲೆಯ ಹೊಡೆತ ಎಲ್ಲ ತಿಂದು ಬದುಕುವ ಜೀವ. ಅಂಥದ್ದನ್ನು ಹಾಲ್‌ನ ಮೂಲೆಗೆ ತಂದಿಟ್ಟು ನಾಜೂಕು ಅಂದರೆ ಹೇಗೆ?

ಇನ್ನೂ ಒಂದು ಅನುಮಾನ ಇದೆ, ಅದೇ ನನ್ನನ್ನು ಜಾಸ್ತಿ ಕಾಡಿದ್ದು. ನಾವು ಗಟ್ಟಿ ಅಂತ ಕರೆಯುವುದು ಬಹಳ ಸಲ ನಿಧಾನಕ್ಕೆ ಸಾಯುವುದನ್ನು. ಮೀನಿಗೆ ನೀರು ಕೆಟ್ಟರೆ ಅದೇ ದಿನ ಮೇಲೆ ಬಂದು ಬಾಯಿ ಬಿಡುತ್ತದೆ, ನಮ್ಮ ತಪ್ಪು ನಮ್ಮ ಮುಖಕ್ಕೇ ಹೊಡೆಯುತ್ತದೆ. ಕ್ಲ್ಯಾಮ್ ಹಾಗಲ್ಲ. ಆಹಾರ ಸಾಲದಿದ್ದರೆ ತನ್ನ ಮೈಯನ್ನೇ ಕರಗಿಸಿಕೊಂಡು ತಿಂಗಳುಗಟ್ಟಲೆ ನಡೆಸುತ್ತದೆ, ಬಣ್ಣ ಹಾಗೇ ಇರುತ್ತದೆ, ಬಾಯಿ ತೆರೆದೇ ಇರುತ್ತದೆ. ಜನವರಿಯ ತಪ್ಪಿಗೆ ಏಪ್ರಿಲ್ಲಿನಲ್ಲಿ ಸಾಯುತ್ತದೆ. ಅಷ್ಟೊತ್ತಿಗೆ ನಾವು ಜನವರಿಯನ್ನು ಮರೆತು, ಮೊನ್ನೆ ಹಾಕಿದ ಯಾವುದೋ ಔಷಧಿಯನ್ನು ಬೈಯುತ್ತಿರುತ್ತೇವೆ. ಈ ಮಾತು ಬರೀ ಕ್ಲ್ಯಾಮಿಗೆ ಅಂತ ಹೇಳುತ್ತಿಲ್ಲ. ನಮ್ಮ ಅಜ್ಜಿಯನ್ನೂ ಊರವರೆಲ್ಲ ಗಟ್ಟಿ ಹೆಣ್ಣುಮಗಳು ಅನ್ನುತ್ತಿದ್ದರು. ಅದು ಬೇರೆ ಕತೆ, ಇಲ್ಲಿ ಬೇಡ.

ಸುಣ್ಣ ಎಲ್ಲ ಕಡೆ ಇದೆ

ಈ ಪೋಸ್ಟ್ ಬರೆಯುತ್ತಾ ಕೂತಿರುವುದು ಶಹಾಬಾದ್ ಫರಸಿಯ ಮೇಲೆ. ಬೇಸಿಗೆಯಲ್ಲಿ ಹೊರಗೆ 43 ಡಿಗ್ರಿ ಇದ್ದರೂ ಇದರ ಮೇಲೆ ಬರಿಮೈಯಲ್ಲಿ ಮಲಗಿದರೆ ತಂಪು. ಇದೂ ಸುಣ್ಣದ ಕಲ್ಲೇ, ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಆಳವಿಲ್ಲದ ಸಮುದ್ರದ ತಳ. ವಾಡಿ, ಸೇಡಂ, ಮಳಖೇಡ ಕಡೆ ಸಿಮೆಂಟ್ ಫ್ಯಾಕ್ಟರಿಗಳು ಅಗೆದು ಸುಡುವುದೂ ಅದನ್ನೇ. ಕ್ಲ್ಯಾಮ್ ತನ್ನ ಚಿಪ್ಪಿಗೆ ನೀರಿನಿಂದ ಹೆಕ್ಕುವುದೂ ಅದೇ ಸರಕು, ಕ್ಯಾಲ್ಸಿಯಂ ಕಾರ್ಬೋನೇಟ್. ಅದಕ್ಕೇ ಟ್ಯಾಂಕಿನಲ್ಲಿ ಕ್ಯಾಲ್ಸಿಯಂ 400ರಿಂದ 450 ಪಿಪಿಎಂ ಒಳಗೆ ನಿಂತಿರಬೇಕು, ಕ್ಷಾರವೂ ದಿನ ದಿನ ಕುಣಿಯಬಾರದು. ದುಬೈನಲ್ಲಿ ನಾವು ಅದಕ್ಕೆ ಸುಣ್ಣದ ತಿಳಿನೀರನ್ನೇ ಹನಿಹನಿಯಾಗಿ ಬಿಡುತ್ತಿದ್ದೆವು. ಜರ್ಮನ್ ಹೆಸರು ಇಟ್ಟುಕೊಂಡು ಡಬ್ಬದಲ್ಲಿ ದುಬಾರಿಗೆ ಬರುತ್ತದೆ, ಕಾಲ್ಕ್‌ವಾಸರ್ ಅಂತ. ಮೊದಲ ಸಲ ಡಬ್ಬ ತೆರೆದಾಗ ವಾಸನೆ ನೋಡಿ ನಗು ಬಂತು. ಅವ್ವನ ಎಲೆಅಡಿಕೆ ಚೀಲದ ವಾಸನೆ. ಹಾಗಂತ ಅಡಿಕೆ ಅಂಗಡಿಯ ಸುಣ್ಣ ತಂದು ಟ್ಯಾಂಕಿಗೆ ಹಾಕಬೇಡಿ ಮತ್ತೆ, ಅದರಲ್ಲಿ ಏನೇನು ಬೆರೆತಿರುತ್ತದೋ. ಡಬ್ಬದ್ದನ್ನು ಕೂಡ ಒಮ್ಮೆಲೇ ಸುರಿದರೆ ನೀರಿನ ಪಿಎಚ್ ಮೇಲಕ್ಕೆ ಹಾರಿ ಬೆಳಗಾಗುವುದರೊಳಗೆ ಎಲ್ಲ ಮುಗಿದಿರುತ್ತದೆ.

ನಾನು ಇಲ್ಲಿ ಉಪ್ಪುನೀರು ಇಟ್ಟಿಲ್ಲ. ಬೋರ್‌ವೆಲ್ಲಿನ ಗಡಸು ನೀರಿಗೆ ಹೇಳಿ ಮಾಡಿಸಿದ ಹಾಗೆ ಗಪ್ಪಿ ಮೀನು, ಒಂದಿಷ್ಟು ವ್ಯಾಲಿಸ್ನೇರಿಯಾ ಹುಲ್ಲು, ಕರೆಂಟ್ ಎರಡು ಗಂಟೆ ಹೋದರೂ ಅವಕ್ಕೇನೂ ಇಲ್ಲ. ಗಟ್ಟಿ ಮೀನು ಅಂತ ಬರೆಯಲು ಹೊರಟಿದ್ದೆ, ಬೆರಳು ತಡೆಯಿತು.

ಇಲ್ಲಿಗೆ ತರಬೇಡ

ಮರುದಿನ ಅಳಿಯನಿಗೆ ಫೋನ್ ಮಾಡಿದೆ. ಯಾವುದು ಗಟ್ಟಿ ಅಂತ ಹೇಳಲಿಲ್ಲ. ನಿನ್ನ ಲೈಟಿನ ಕೆಳಗೆ ಎಲ್ಲೆಲ್ಲಿ ಎಷ್ಟು ಪಾರ್ ಇದೆ ಮೊದಲು ಅಳಿ, ಮೀಟರ್ ಇಲ್ಲದಿದ್ದರೆ ಅಂಗಡಿಯವರ ಹತ್ತಿರ ಎರಡು ದಿನ ಬಾಡಿಗೆಗೆ ತಾ, ಆಮೇಲೆ ಮಾತಾಡೋಣ ಅಂದೆ. ಅವನಿಗೆ ಬೇಜಾರಾಯಿತು ಅಂತ ಕಾಣುತ್ತದೆ. "ಅಲ್ರೀ ಮಾಮಾ, ಒಂದು ಚಿಪ್ಪಿಗೆ ಇಷ್ಟೆಲ್ಲಾ ಲೆಕ್ಕ ಏನ್ರಿ" ಅಂದ. ಆಮೇಲೆ ತಾನೇ, "ಚಂದ ಬಂತಂದ್ರ ರಜಾಕ್ಕ ಬರೋವಾಗ ನಿಮಗೂ ಒಂದು ತರ್ಲೇನು?"

ತರಬೇಡ ಅಂದೆ. ಕ್ಲ್ಯಾಮ್‌ಗಳು ನಮ್ಮ ದೇಶದಲ್ಲೂ ಇವೆ, ಲಕ್ಷದ್ವೀಪದಲ್ಲಿ, ಅಂಡಮಾನಿನಲ್ಲಿ. ಮ್ಯಾಕ್ಸಿಮಾ, ಸ್ಕ್ವಾಮೋಸಾಗಳನ್ನು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಗೆ ಸೇರಿಸಿದ್ದಾರೆ, ಹುಲಿ ಇರುವ ಪಟ್ಟಿಗೆ. ಗಡಿ ದಾಟಿಸಲು ಸೈಟಿಸ್ ಅಂತ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ದೇಶದೇಶಗಳ ಒಪ್ಪಂದ, ಅದರ ಪರವಾನಗಿ ಬೇರೆ ಬೇಕು. ಅಲ್ಲೂ ಸಾಕಿ ಬೆಳೆಸಿದ್ದನ್ನೇ ಕೇಳಿ ತಗೋ, ಸಮುದ್ರದಿಂದ ಕಿತ್ತದ್ದು ಬೇಡ. ಪಲಾವ್ ಅಂತ ಒಂದು ದ್ವೀಪದೇಶ ಇದೆ, ಹೌದು, ಹೆಸರು ಹಾಗೇ, ನಗಬೇಡ, ಅಲ್ಲಿ 1980ರ ದಶಕದಿಂದಲೂ ಇವುಗಳ ಮರಿ ಮಾಡಿಸಿ ಬೆಳೆಸುತ್ತಾರೆ. ಎಲ್ಲ ಕೇಳಿಸಿಕೊಂಡ. "ಹುಲಿ ಜೋಡಿ ಇಟ್ಟಾರಂದ್ರ ಬ್ಯಾಡ ಬಿಡ್ರಿ" ಅಂದ.

ಮೂರು ದಿನ ಬಿಟ್ಟು ಅಂಕಿಗಳು ಬಂದವು. ಮೇಲಿನ ಕಲ್ಲು 340, ನಡುವಿನದು 210, ತಳದ ಮರಳು 110. ಅಂಗಡಿಯವನ ತೊಟ್ಟಿಯಲ್ಲೂ ಅಳೆದಿದ್ದ, ನಾನು ಹೇಳದೇ, ಅಲ್ಲಿ 120. ಅದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಸ್ಕ್ವಾಮೋಸಾ ತಂದ, ಎಂಟು ಸೆಂಟಿಮೀಟರಿನದು. ಚಪ್ಪಟೆ ಕಲ್ಲಿನ ಮೇಲೆ ಕೂರಿಸಿ ಮರಳಿನಲ್ಲಿ ಇಟ್ಟ. ವಾರ ಕಳೆಯುವುದರೊಳಗೆ ಮೇಲಿನ ಕಲ್ಲಿಗೆ ಎತ್ತಲೇನು ಅಂತ ಕೇಳಿದ, ಅಲ್ಲಿಂದ ಬಣ್ಣ ಚೆನ್ನಾಗಿ ಕಾಣುತ್ತದಂತೆ. ಒಂದು ವಾರಕ್ಕೆ ಮೂರು ಬೆರಳಿನಷ್ಟು ಎತ್ತರಿಸು, ನಡುವಿನ ಕಲ್ಲಿಗೆ ಬಂದಾಗ ನಿಲ್ಲಿಸು ಅಂದೆ. "ತಿಂಗಳ ಹಿಡಿತದಲ್ರೀ ಮಾಮಾ!" ಹಿಡೀಲಿ ಅಂದೆ.

ಅವನು ಕೆಳಗೆ ಒಂದೊಂದೇ ಚಪ್ಪಟೆ ಕಲ್ಲು ಸೇರಿಸಿ ಎತ್ತರಿಸುತ್ತಿದ್ದಾನೆ. ಮೊನ್ನೆಗೆ ಮೂರನೇ ಕಲ್ಲು. ಈಗಲೂ ಬಣ್ಣದ ಫೋಟೋಗಳನ್ನೇ ಕಳಿಸುತ್ತಾನೆ, ಮ್ಯಾಂಟಲ್ ತುಂಬ ಹತ್ತಿರದಿಂದ, ನೀಲಿ ಬೆಳಕಿನಲ್ಲಿ. ಬಿಳಿ ದೀಪ ಹಾಕಿ ಚಿಪ್ಪಿನ ಅಂಚು ಕಾಣುವ ಹಾಗೆ ಪಕ್ಕದಿಂದ ಒಂದು ತೆಗಿ ಅಂತ ಬರೆದಿದ್ದೆ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಬಂತು. ಕೈ ಅಲ್ಲಾಡಿ ಮಸುಕಾಗಿದೆ. ದೊಡ್ಡದು ಮಾಡಿ ನೋಡಿದೆ, ತುದಿಯಲ್ಲಿ ಏನೋ ಬೆಳ್ಳಗೆ ಒಂದು ಗೆರೆ ಇದ್ದ ಹಾಗೆ ಇದೆ, ದೀಪದ ಹೊಳಪೂ ಇರಬಹುದು. ಇನ್ನೊಂದು ಕಳಿಸು ಅಂದಿದ್ದೇನೆ.